ಮೊದಲ ಪುಟದಲ್ಲಿ ಹೆಸರು ಮಾತ್ರ ಇತ್ತು

ಮಾನ್ಯ ಡೀನ್ ಅವರೇ,

ತಿಯಾನಾ ಎಂಬ ಹುಡುಗಿಯ ಪ್ರಬಂಧವನ್ನು ನಿಮ್ಮ ಪ್ರೊಫೆಸರರು ಓದದೆಯೇ ನಪಾಸು ಮಾಡಿದ್ದಾರೆ. ಶುಕ್ರವಾರದೊಳಗೆ ಅದು ಸರಿಹೋಗದಿದ್ದರೆ ಅವಳ ವರ್ಷವೂ ಹೋಯಿತು, ಹಾಸ್ಟೆಲಿನ ಮಂಚವೂ ಹೋಯಿತು. ‘ವಿದ್ಯಾರ್ಥಿಗಳು ಪ್ರೊಫೆಸರರಿಂದ ಏನನ್ನು ನಿರೀಕ್ಷಿಸುತ್ತಾರೆ?’ ಎಂದು ನೀವೇ ಬಣ್ಣದ ಕಾಗದದಲ್ಲಿ ಕೇಳಿ ನೋಟಿಸ್ ಬೋರ್ಡಿಗೆ ಹಚ್ಚಿದ್ದೀರಿ. ಆ ಬೋರ್ಡಿನ ಗಾಜು ಒರೆಸುವವಳು ನಾನು. ಉತ್ತರವಾಗಿ ಈ ಪತ್ರವನ್ನು ಅದರ ಪಕ್ಕದಲ್ಲೇ ಅಂಟಿಸಿದ್ದೇನೆ.

ಓದಿಲ್ಲವೆಂದು ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಪ್ರಬಂಧ ಒಪ್ಪಿಸುವ ದಿನ ಹುಡುಗಿಯ ಕೈಜಾರಿ ಹಾಳೆಗಳೆಲ್ಲ ಮೆಟ್ಟಿಲ ಮೇಲೆ ಹರಡಿದವು. ಹೆಕ್ಕಿಕೊಟ್ಟವಳು ನಾನು. ಶಿಲುಬೆಯ ಹಬ್ಬದಂದು ಪಾದ್ರಿಗಳು ಕೊಟ್ಟಿದ್ದ ಕಾಮಕಸ್ತೂರಿಯ ಒಣ ಎಲೆಯೊಂದನ್ನು ಒಂಬತ್ತನೇ ಪುಟದಲ್ಲಿಟ್ಟು, ಕೆಂಪು ಉಣ್ಣೆದಾರದಿಂದ ನಾಲ್ಕೂ ಕಡೆ ಬಿಗಿದು, ಝ್ಲಾಟಿಬೋರ್ ಬೆಟ್ಟದಲ್ಲಿ ನಮ್ಮಪ್ಪ ಉಣ್ಣೆಮೂಟೆಗೆ ಹಾಕುತ್ತಿದ್ದ ಗಂಟು ಹಾಕಿದೆ. ಬಿಚ್ಚಿದರೆ ಪರ ಊರಿನವರಿಗೆ ಮತ್ತೆ ಹಾಕಲು ಬಾರದ ಗಂಟದು. ಮೂರು ವಾರದ ನಂತರ ಕಟ್ಟು ಮರಳಿತು. ಮೊದಲ ಪುಟದ ಮೇಲೆ ಬರೆದಿತ್ತು: ‘ಕೂಲಂಕಷವಾಗಿ ಓದಿದೆ. ಸ್ವಂತ ಚಿಂತನೆಯಿಲ್ಲ. ಐದು.’ ಐದೆಂದರೆ ನಪಾಸು. ನನ್ನ ಗಂಟು ಹಾಗೇ ಇತ್ತು. ಕಲ್ಲು ಮುಚ್ಚಿದ ಸಮಾಧಿಯಿಂದ ಎದ್ದುಬಂದ ಪ್ರಭುವನ್ನು ನಾನು ನಂಬುತ್ತೇನೆ. ಕಟ್ಟಿದ ಕಟ್ಟನ್ನು ಬಿಚ್ಚದೆ ಓದುವ ಪವಾಡವನ್ನು ಮಾತ್ರ ಯಾವ ಸಂತರ ಚರಿತ್ರೆಯಲ್ಲೂ ಕೇಳಿಲ್ಲ.

ಪ್ರೊಫೆಸರರನ್ನು ಕಾರಿಡಾರಿನಲ್ಲೇ ಕೇಳಿದೆ. “ಗಂಟು ತುಂಬಾ ಬಿಗಿಯಾಗಿತ್ತಾ ಸಾರ್?”

“ಅಮ್ಮಾ, ಅನುಭವ ಇರೋರಿಗೆ ಮೊದಲ ಪುಟ ನೋಡಿದ್ರೆ ಸಾಕು, ಎಲ್ಲಾ ತಿಳಿಯುತ್ತೆ.”

“ಮೊದಲ ಪುಟದಲ್ಲಿ ಅವಳ ಹೆಸರು ಮಾತ್ರ ಇತ್ತಲ್ಲಾ ಸಾರ್!”

“ನೀನು ನೆಲ ನೋಡ್ಕೋ ತಾಯಿ” ಎಂದರು. ನೋಡಿಕೊಂಡೇ ಇದ್ದೇನೆ, ಹತ್ತೊಂಬತ್ತು ವರ್ಷದಿಂದ. ಗುಡಿಸದೆ ‘ಗುಡಿಸಿದೆ’ ಎಂದು ಒಂದು ದಿನವೂ ಬರೆದಿಲ್ಲ.

ತಿಯಾನಾ ಅಳಲಿಲ್ಲ. “ಬೈದಿದ್ರೂ ಬೇಜಾರಿರ್ಲಿಲ್ಲ ಸವ್ಕಾ ಅತ್ತೆ. ಓದಿ ಬೈಬೇಕಿತ್ತು” ಎಂದಳು. ನಿಮ್ಮ ಬಣ್ಣದ ಕಾಗದಕ್ಕೆ ಉತ್ತರ ಇಷ್ಟೇ. ಮೆತ್ತನೆ ಕುರ್ಚಿ, ದೊಡ್ಡ ಪರದೆ ಯಾರು ಕೇಳಿದರು?

ಕಟ್ಟನ್ನು ನಿಮ್ಮ ಮೇಜಿನ ಮೇಲಿಟ್ಟಿದ್ದೇನೆ. ಶುಕ್ರವಾರದೊಳಗೆ ಪ್ರೊಫೆಸರರು ಆ ಹುಡುಗಿಯ ಎದುರೇ ಗಂಟು ಬಿಚ್ಚಿ, ಕುಳಿತು, ಕೊನೆಯವರೆಗೂ ಓದಲಿ. ಓದಿದ ಮೇಲೆ ಐದೇ ಕೊಟ್ಟರೂ ನಾನು ತುಟಿಪಿಟಕ್ಕೆನ್ನುವುದಿಲ್ಲ. ಒಂಬತ್ತನೇ ಪುಟದ ಎಲೆಯನ್ನು ಮಾತ್ರ ಕಸಕ್ಕೆ ಹಾಕದಿರಲಿ. ಅದು ಮಂತ್ರಿಸಿದ ಎಲೆ. ಅಲ್ಲಿಯವರೆಗೆ ತಲುಪಿದವರಿಗೆ ಒಳ್ಳೆಯದಾಗುತ್ತದೆ.

ಇಂತಿ,
ಎಂಟನೇ ತರಗತಿವರೆಗೆ ಓದಿದ, ಆದರೆ ನಿಜವಾಗಿಯೂ ಓದಿದ,
ಎರಡನೇ ಮಹಡಿಯ ಕಸಪೊರಕೆಯ ಸವ್ಕಾ