ಎಂಟು ಅಂದರೆ ಎರಡು ಚಮಚ

ಒರೆಸ್ತೆಸ್,

ಸಿಯೆನ್‌ಫ್ವೆಗೋಸ್ ಬಸ್ಸು ಆರಕ್ಕೇ ಹೊರಡುತ್ತದೆ, ನಿನ್ನನ್ನು ಎಬ್ಬಿಸಲಿಲ್ಲ. ಹತ್ತು ಗಂಟೆಗೆ ಡಾಕ್ಟರ್ ನಿಯುರ್ಕಾ ಬರುತ್ತಾರೆ. ಅಮ್ಮನ ಬುದ್ಧಿಯೇ ಕದಡಿದೆ ಎಂದು ಅವರು ಬರೆದರೆ ಮಾತಿನ ಅಭ್ಯಾಸ ಇವತ್ತಿಗೇ ನಿಂತುಹೋಗುತ್ತದೆ. ಮೇಜಿನ ಮೇಲಿರುವ ಅಭ್ಯಾಸದ ಪುಸ್ತಕವನ್ನು ಅವರಿಗೆ ತೋರಿಸು.

ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ಅಮ್ಮ ಆಡಿಸುತ್ತಿದ್ದ ಆಟ ನೆನಪಿದೆಯೇ? ಅಂಕೆಯ ಬದಲು ಅದರ ಘನದ ಕೊನೆಯ ಅಂಕೆ ಹೇಳಬೇಕಿತ್ತು. ಎರಡರ ಘನ ಎಂಟು. ಎಂಟರದು ಐನೂರ ಹನ್ನೆರಡು, ಅಂದರೆ ಎರಡು. ಮೂರು, ಏಳು ಕೂಡ ಹಾಗೆಯೇ ಅದಲುಬದಲು. ಉಳಿದವು ಇದ್ದಲ್ಲೇ ಇರುತ್ತವೆ. "ವರ್ಗ ಮಾಡಿದ್ರೆ ಎರಡೂ ಎಂಟೂ ಒಂದೇ ನಾಲ್ಕಲ್ಲಿ ಮುಳುಗ್ತವೆ. ಘನದಲ್ಲಿ ಯಾರೂ ಕಳೆದುಹೋಗಲ್ಲ ಕಣ್ರೋ, ಜಾಗ ಬದಲಾಗುತ್ತೆ ಅಷ್ಟೆ" ಅನ್ನುತ್ತಿದ್ದಳು.

ಪಾರ್ಶ್ವವಾಯು ಆದಮೇಲೆ ಅವಳ ನಾಲಿಗೆಗೆ ಬರುತ್ತಿರುವುದು ಆ ಅಂಕೆಗಳೇ. ಪುಸ್ತಕದಲ್ಲಿರುವ ಎರಡು ವಾರದ ಉತ್ತರಗಳನ್ನು ಹಾಗೆ ಓದಿದೆ, ಒಂದೂ ತಪ್ಪಿಲ್ಲ. ಡಾಕ್ಟರಿಗೆ ಇದನ್ನೂ ಹೇಳು.

ಭಾನುವಾರ ಕಾಫಿಗೆ ಸಕ್ಕರೆ ಎಷ್ಟು ಎಂದಾಗ ಎಂಟು ಅಂದಳು. "ಎಂಟು ಚಮಚಾನಾ? ತಿಂಗಳ ರೇಷನ್ನೆಲ್ಲ ಒಂದೇ ಲೋಟಕ್ಕಾ, ಮಹಾರಾಣಿ?" ಎಂದು ನೀನು ನಕ್ಕೆ. ಅವಳು ಲೋಟ ಮುಟ್ಟಲಿಲ್ಲ.

ನಾನೂ ಕಡಿಮೆಯವಳಲ್ಲ. ನಿನ್ನೆ, ಅಪ್ಪ ಹೋಗಿ ಎಷ್ಟು ವರ್ಷವಾಯಿತು ಎಂದು ಕೇಳಿದೆ. ಏಳು ಅಂದಳು. "ಮೂರಮ್ಮ, ಮೂರು" ಎಂದು ಗದರಿದೆ. ಆಮೇಲೆ ನೋಡಿದರೆ, ಹೊದಿಕೆಯ ಮೇಲೆ ಅವಳ ಎಡಗೈ ಆಗಲೇ ಮೂರು ಬೆರಳು ಚಾಚಿತ್ತು.

ಕಾಫಿ ಫ್ಲಾಸ್ಕಿನಲ್ಲಿದೆ. ಎಂಟು ಅಂದರೆ ಎರಡು ಚಮಚ ಹಾಕು. ನಗಬೇಡ.

ಯಮಿಲೆ