ಮಟ್ಟವಾಗದ ಹಲಗೆ

ಮನೆ,
೧೨ನೇ ತಾರೀಕು, ಶನಿವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆಂದು ನೀನು ಬರೆದಿದ್ದೆ, ನಂಬಿದ್ದೇನೆಂದೇ ಇಟ್ಟುಕೋ. ನನ್ನ ಮೊಣಕಾಲು ಇದ್ದ ಹಾಗೇ ಇದೆ, ಅದರ ಸುದ್ದಿ ಬೇಡ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಅದು ಇರುವುದು ನಿಮ್ಮಪ್ಪನ ಕೆಲಸದ ಮೇಜಿನ ಪಕ್ಕದಲ್ಲಿ. ಅದಕ್ಕೇ ಈ ಕಾಗದ.

ನಿನಗೆಂದು ಮಾಡುತ್ತಿರುವ ಗಿಟಾರಿನ ಕುತ್ತಿಗೆಗೆ ಅವರು ಹಲಗೆ ಹಿಡಿದು ವಾರವಾಯಿತು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿಸಿಟ್ಟಿದ್ದರಲ್ಲ, ಅದೇ ಕೆಂಪು ಮರ. ಮಿಷಿನ್ನಿಗೆ ಕೊಟ್ಟರೆ ಅರ್ಧ ಗಂಟೆಯ ಕೆಲಸ. ಆದರೆ ಕುತ್ತಿಗೆಯನ್ನು ಕೈಯಿಂದಲೇ ಹೆರೆಯಬೇಕೆಂಬ ಅವರ ಹಟ ನಿನಗೆ ಗೊತ್ತೇ ಇದೆ. ಹಲಗೆಯ ತುಂಬ ಪೆನ್ಸಿಲಿನಿಂದ ಗೀಚುತ್ತಾರೆ, ಗೀಚೆಲ್ಲ ಅಳಿಯುವ ತನಕ ಹತ್ತರಿ ಹೊಡೆದು ಹೆರೆಯುತ್ತಾರೆ. ಆಮೇಲೆ ಆ ತುದಿಗೊಂದು ಈ ತುದಿಗೊಂದು ನೇರ ಪಟ್ಟಿ ಅಡ್ಡ ಇಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಎರಡು ಪಟ್ಟಿಗಳ ಅಂಚೂ ಒಂದೇ ಗೆರೆಯಾಗಿ ಕಂಡರೆ ಹಲಗೆ ಮಟ್ಟ. ಓರೆ ಕಂಡರೆ ಮರ ಎಲ್ಲೋ ತಿರುಚಿದೆ ಎಂದು ಲೆಕ್ಕ. ಇವರಿಗೆ ದಿನಾ ಓರೆಯೇ ಕಾಣುತ್ತದೆ.

ಮೊದಲು ಪಟ್ಟಿ ಸರಿಯಿಲ್ಲ ಎಂದರು, ಹೊಸದು ಮಾಡಿಕೊಂಡರು. ಆಮೇಲೆ ತಪ್ಪು ಮೇಜಿನದಾಯಿತು, ಅದರ ಕಾಲಿಗೆ ಚಕ್ಕೆ ಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆ. ಸಂಜೆಯವರೆಗೆ ಮಾತು ಬಿಟ್ಟರು, ಮನೆ ನೆಮ್ಮದಿಯಾಗಿತ್ತು. ನಿನ್ನೆ ಎದುರುಮನೆಯ ಬಡಗಿ ಬಂದು ಅದೇ ಪಟ್ಟಿಗಳನ್ನಿಟ್ಟು ನೋಡಿದ. ಆಮೇಲೆ ಅಡುಗೆಮನೆಗೆ ಬಂದು, "ಸೋಮವಾರ ನಾನು ನೋಡ್ದಾಗ ಕನ್ನಡಿ ಥರ ಇತ್ತು ಅಕ್ಕಾ. ಸರಿಯಿದ್ದದ್ದನ್ನೇ ಹೆರೆದು ಹೆರೆದು ಓರೆ ಮಾಡ್ತಿದ್ದಾರೆ. ಇನ್ನೂ ತೆಳ್ಳಗಾದ್ರೆ ಒಲೆಗೇ ಸೈ. ಒಂದ್ಸಲ ಅವ್ರ ಕಣ್ಣು ತೋರ್ಸಿ" ಎಂದ.

ಕಣ್ಣಿನ ಮಾತೆತ್ತಿದೆ. "ನನ್ನ ಕಣ್ಣಿಗೇನಾಗಿದೆ? ದಾರ ಪೋಣಿಸಿ ತೋರಿಸ್ಲಾ?" ಎಂದು ಸೂಜಿ ತರಿಸಿಕೊಂಡರು. ಕೊನೆಗೆ ಸೂಜಿಯ ತೂತೇ ಸರಿಯಿಲ್ಲ ಎಂದರು. ಡಾಕ್ಟರ ಹತ್ತಿರ ಹೋಗಿ ಎಂದು ನಾನು ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಗಿಟಾರು ಮಾಡುವವರನ್ನು ಹೀಗನ್ನಬಾರದು, ಆದರೂ ಅಂದೆ. ನೀನು ಹೇಳಿದರೆ ಕೇಳಿಯಾರು. ಸದ್ಯಕ್ಕೆ ಹತ್ತರಿಯ ಅಲಗನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಹುಡುಕುತ್ತಿದ್ದಾರೆ.

ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ನಿನಗೆ ಎಲ್ಲ ಒಳ್ಳೆಯದೇ ಆಗಲಿ.

ನಿನ್ನ
ಅಮ್ಮ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇಷ್ಟು ಸೇರಿಸುತ್ತಿದ್ದೇನೆ. ಈಗ ಊಟಕ್ಕೆ ಬಂದ ನಿಮ್ಮಪ್ಪ ಬಾಗಿಲಲ್ಲೇ ನಿಂತು, "ಈ ಚೌಕಟ್ಟು ಯಾವಾಗ ಬಾಗಿತೇ?" ಎಂದರು. ಅದು ನೆಟ್ಟಗೇ ಇದೆ ಪುಟ್ಟೀ. ನಾನು ಹಾಗೇ ಹೇಳಿದೆ. ಜಗಳಕ್ಕೆ ಬರಲಿಲ್ಲ. ಅಂಗೈಯಿಂದ ಮೇಲಿನಿಂದ ಕೆಳಗಿನವರೆಗೆ ಸವರಿ ನೋಡಿದರು, ಇನ್ನೊಂದು ಸಲ ಸವರಿದರು. ಆಮೇಲೆ ತಟ್ಟೆಯ ಮುಂದೆ ಕೂತು, "ಪುಟ್ಟಿಗೆ ಬರೋಕೆ ಹೇಳು" ಎಂದರು. ನನಗೆ ಹೆದರಿಕೆಯಾಗಿದೆ. ಹೊರಟು ಬಾ.