ಮರ್ಯಾದಸ್ಥರ ಫುಟ್‌ಬಾಲ್

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಕ್ಲಿನಿಕ್ ಬಾಗಿಲು ತೆಗೆಯುವಷ್ಟರಲ್ಲಿ ಎರಡೂ ಬೆಂಚು ಭರ್ತಿ. ಕಿಟಕಿ ಕಡೆಯದು ಹಳೇ ಬೀದಿಯವರದು, ಗೋಡೆ ಕಡೆಯದು ಕ್ವಾರ್ಟರ್ಸ್‌ನವರದು. ಹಾಗೆಂದು ಬೋರ್ಡು ಹಾಕಿಲ್ಲ, ಅವರೇ ಮಾಡಿಕೊಂಡ ಏರ್ಪಾಡು. ಅಲ್ಲೊಬ್ಬರು, ಇಲ್ಲೊಬ್ಬರು ಎಂದು ಕರೆಯಬೇಕು. ತಪ್ಪಿದರೆ ನರ್ಸು ಪಕ್ಷಪಾತಿ. ಕೆಮ್ಮು ಮಾತ್ರ ಎರಡೂ ಕಡೆ ಒಂದೇ ಥರ.

ಡಾಕ್ಟರಮ್ಮ ಹೊಸಬರು. ಚಿಕ್ಕ ವಯಸ್ಸು, ಉತ್ಸಾಹ ಜಾಸ್ತಿ. ಕೈ ತೊಳೆಯುತ್ತಾ, "ಸಿಸ್ಟರ್, ಇವರಿಗೆಲ್ಲ ಏನಾಗಿದೆ?" ಎಂದರು. ಹೇಳಿದೆ. ಎರಡು ವರ್ಷದ ಹಿಂದೆ ಬಸ್ ಸ್ಟಾಪು ಹಳೇ ಬೀದಿಯಿಂದ ಕ್ವಾರ್ಟರ್ಸ್ ಗೇಟಿಗೆ ಹೋಯಿತು. ಮೊದಲು ಮಾತು, ಆಮೇಲೆ ಕಲ್ಲು, ಬಸ್ಸಿನ ಗಾಜು ಪುಡಿಪುಡಿ... ಅವತ್ತಿನಿಂದ ಎಣ್ಣೆ ಸೀಗೆಕಾಯಿ.

"ಒಂದು ಫ್ರೆಂಡ್ಲಿ ಮ್ಯಾಚ್ ಇಡೋಣ. ಎರಡೂ ಕಡೆಯೋರಿಗೂ ಫುಟ್‌ಬಾಲ್ ಹುಚ್ಚು ಅಂತೆ. ನೀವೇ ಮುಂದೆ ನಿಂತ್ಕೊಳ್ಳಿ ಸಿಸ್ಟರ್. ನಿಮ್ಮ ಮಾತು ಎಲ್ಲರೂ ಕೇಳ್ತಾರೆ."

ನನ್ನ ಮಾತು! ಮನೆಯಲ್ಲೇ ಯಾರೂ ಕೇಳುವುದಿಲ್ಲ. ಡಾಕ್ಟರಮ್ಮನಿಗೆ ಹೇಳದೇ ಬಿಟ್ಟದ್ದು ಇಷ್ಟು — ಹೊಸ ಸ್ಟಾಪಿನಲ್ಲಿ ಮೊದಲು ಬಸ್ಸು ನಿಲ್ಲಿಸಿದ ಡ್ರೈವರು ನನ್ನ ಗಂಡ. ಹಳೇ ಸ್ಟಾಪಿನ ಎದುರಿದ್ದ ಸಲೂನು ನನ್ನ ಅಣ್ಣನದು. ಅಣ್ಣ ನಮ್ಮ ಮನೆ ಹೊಸ್ತಿಲು ತುಳಿದು ಎರಡು ವರ್ಷ. ನಾವಿರುವ ಕ್ವಾರ್ಟರ್ಸ್‌ನಿಂದ ಅವನ ಮನೆಗೆ ನಡೆದರೆ ಬಿಸಿ ಟೀ ಕೂಡ ಆರುವುದಿಲ್ಲ.

ಒಪ್ಪಿಕೊಂಡೆ. ಫುಟ್‌ಬಾಲಿನ ಗಂಧಗಾಳಿ ಗೊತ್ತಿಲ್ಲ. ಆದರೆ ಅಣ್ಣ ಗೋಲ್‌ಕೀಪರ್. ಅವನನ್ನು ಈ ಕಡೆಗೆ ಎಳೆಯಲು ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಮಾರ್ಚ್ 6, ಗುರುವಾರ

ಊಟದ ಹೊತ್ತಿಗೆ ವಿಷಯ ತೆಗೆದೆ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅವರ ಗೋಲಲ್ಲಿ ಯಾರು?"

ಯಾರೆಂದು ಇವರಿಗೆ ಗೊತ್ತಿಲ್ಲವೇ? ಒಂದು ಕಾಲದಲ್ಲಿ ಒಂದೇ ಟೀಮು. ಅಣ್ಣ ಹಿಂದೆ, ಇವರು ಮುಂದೆ. ಆಟ ಮುಗಿಸಿ ನಮ್ಮ ಮನೆಗೆ ನೀರು ಕುಡಿಯಲು ಬರುತ್ತಿದ್ದರು. ಅಷ್ಟು ನೀರು ಯಾರೂ ಕುಡಿಯುವುದಿಲ್ಲ ಎಂದು ಅಣ್ಣನಿಗೆ ಬೇಗ ಅರ್ಥವಾಯಿತು. ಮದುವೆಗೆ ಓಡಾಡಿದವನೂ ಅವನೇ.

"ಭಾವ ಇದ್ರೆ ನಾನು ಆಡಲ್ಲ."

"ಯಾಕ್ರೀ?"

"ಗಾಜು ನನ್ನ ಮೈಮೇಲೆ ಬಿತ್ತು ಕಣೇ. ಅವನು ಅಂಗಡಿ ಬಾಗಿಲಲ್ಲೇ ನಿಂತಿದ್ದ. ಏನಾಯ್ತು ಅಂತ ಒಂದು ಮಾತು ಕೇಳಿದ್ನಾ?"

ಮಜ್ಜಿಗೆಯನ್ನೂ ಮುಟ್ಟದೆ ಎದ್ದು ಹೋದರು. ನಾನೂ ಮಾತಾಡಿಸಲಿಲ್ಲ. ಮುನಿಸಿಕೊಳ್ಳಲು ನನಗೂ ಬರುತ್ತದೆ.

ಮಾರ್ಚ್ 11, ಮಂಗಳವಾರ

ಡ್ಯೂಟಿ ಮುಗಿಸಿ ಸಲೂನಿಗೆ ಹೋದೆ. ಮೂರು ಕುರ್ಚಿಯಲ್ಲಿ ಎರಡಕ್ಕೆ ಬಟ್ಟೆ ಹೊದಿಸಿದೆ. ಅಣ್ಣ ಒಬ್ಬನೇ ಕನ್ನಡಿ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

"ಮೊನ್ನೆ ಬಸ್ಸಲ್ಲಿ ಅವನ ತಲೆ ನೋಡ್ದೆ. ಯಾರು ಕಟ್ ಮಾಡಿದ್ದು? ಇಲಿ ಕಡಿದ ಹಾಗಿದೆ."

"ಡಿಪೋ ಹತ್ರ ಯಾರೋ."

"ಕಿವಿ ಉಳಿಸಿದಾನಲ್ಲ, ಪುಣ್ಯ."

ಮ್ಯಾಚಿಗೆ ಬರುತ್ತಾನಂತೆ. "ಆದ್ರೆ ಮನೆಗೆ ಬಾ ಅಂತ ಮಾತ್ರ ಕರೀಬೇಡ. ನಾಳೆಯಿಂದ ಇಲ್ಲಿ ಬಸ್ ನಿಲ್ಲಲ್ಲ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಹಿಂದಿನ ಸಂಜೆ ಇದೇ ಕುರ್ಚೀಲಿ ಕೂತು ಶೇವ್ ಮಾಡಿಸ್ಕೊಂಡು ಹೋದ. ಬಾಯಿ ಬಿಡ್ಲಿಲ್ಲ. ಮಾರನೇ ದಿನ ಬಸ್ಸು ಸೊಂಯ್ ಅಂತ ಹೋಯ್ತು."

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಅಂಗಡಿಯ ವ್ಯಾಪಾರ ಬಿದ್ದದ್ದಕ್ಕೆ ಕೋಪ ಎಂದುಕೊಂಡಿದ್ದೆ.

ಹೊರಡುವಾಗ ಪ್ಯಾಂಟು ಮೇಲೆತ್ತಿ ಬಲಮಂಡಿ ತೋರಿಸಿದ. ಊದಿಕೊಂಡಿದೆ. ಆಡಬೇಡ ಎಂದೆ. ಬೈದ. ಯಾರಿಗೂ ಹೇಳಬೇಡ ಎಂದ. ಅತ್ತಿಗೆಗೂ ಗೊತ್ತಿಲ್ಲವಂತೆ.

ಮಾರ್ಚ್ 19, ಬುಧವಾರ

ಒಂದು ವಾರ ಪೆನ್ನು ಹಿಡಿಯಲಾಗಲಿಲ್ಲ. ಮೀಟಿಂಗು, ಮೀಟಿಂಗು. ಹಳೇ ಬೀದಿಯಲ್ಲೊಂದು, ಕ್ವಾರ್ಟರ್ಸ್‌ನಲ್ಲೊಂದು. ಒಟ್ಟಿಗೆ ಕೂರಲು ಇಬ್ಬರೂ ತಯಾರಿಲ್ಲ, ಒಟ್ಟಿಗೆ ಆಡಲು ತಯಾರು!

ಟೀಮು ಬೆರೆಸೋಣ ಎಂದು ಡಾಕ್ಟರಮ್ಮ. ಬೇಡವೇ ಬೇಡ ಎಂದು ಎಲ್ಲರೂ. ರೆಫ್ರಿಯಾಗಿ ಪೋಸ್ಟ್‌ಮ್ಯಾನ್ ಸಿಕ್ಕಿದ. ಎರಡೂ ಕಡೆಯ ನಾಯಿಗಳಿಂದ ಕಚ್ಚಿಸಿಕೊಂಡವನು, ಆದ್ದರಿಂದ ನಿಷ್ಪಕ್ಷಪಾತಿ.

ಹಿರಿಯರಿಗೆಲ್ಲ ಒಂದೇ ಹೆದರಿಕೆ — ಆಟದ ನೆಪದಲ್ಲಿ ಮತ್ತೆ ಗಲಾಟೆ ಎದ್ದರೆ? ಎರಡೂ ಕಡೆ ಹುಡುಗರನ್ನು ಕೂರಿಸಿಕೊಂಡು ತಾಕೀತು ಮಾಡಿದ್ದಾರೆ. ಮೈ ಮುಟ್ಟಬಾರದು. ಕಾಲು ಅಡ್ಡ ಇಡಬಾರದು. ತಗುಲಿದರೆ ತಕ್ಷಣ ಸಾರಿ ಕೇಳಬೇಕು.

ಕ್ವಾರ್ಟರ್ಸ್‌ಗೆ ಒಬ್ಬ ಫಾರ್ವರ್ಡ್ ಕಡಿಮೆ ಬಿದ್ದ. ಇವರು ಹಳೇ ಬೂಟು ಹುಡುಕಿ ಬಿಸಿಲಿಗಿಟ್ಟಿದ್ದಾರೆ. ಕೇಳಿದರೆ, "ಒಣಗಲಿ ಅಂತ." ಎರಡು ವರ್ಷ ಅಟ್ಟದ ಮೇಲಿದ್ದ ಬೂಟು ಇನ್ನೇನು ಒಣಗುವುದು?

ಮಾರ್ಚ್ 22, ಶನಿವಾರ, ಸಂಜೆ

ಬಾಯಿ ತಪ್ಪಿತು. ಇವರು ಬೂಟಿನ ಲೇಸು ಕಟ್ಟಿ ನೋಡುತ್ತಿದ್ದರು. "ಅಣ್ಣನ ಬಲಮಂಡಿ ಸರಿಯಿಲ್ಲ ರೀ, ಸ್ವಲ್ಪ ನೋಡ್ಕೊಂಡು ಆಡಿ" ಎಂದುಬಿಟ್ಟೆ. ನರ್ಸಾಗಿ ಇಷ್ಟು ವರ್ಷದಲ್ಲಿ ಒಬ್ಬ ಪೇಷೆಂಟಿನ ವಿಷಯ ಮನೆಗೆ ತಂದವಳಲ್ಲ.

"ಹೂಂ" ಎಂದರು. ಅಷ್ಟೇ. ಕಟ್ಟಿದ ಲೇಸು ಬಿಚ್ಚಿ ಮತ್ತೆ ಕಟ್ಟಿದರು.

ಮಾರ್ಚ್ 23, ಭಾನುವಾರ

ಮೊದಲಿನಿಂದ ಬರೆಯುತ್ತೇನೆ.

ಜನ ಬಂದರು. ಇಷ್ಟು ಜನ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಆಟ ಶುರು. ಆಟವೇ ಅದು? ಮದುವೆ ಮನೆಯ ಉಪಚಾರ. ಒಬ್ಬನ ಕಾಲಿಗೆ ಬಾಲ್ ಬಂದರೆ ಎದುರಿನವನು ಎರಡು ಹೆಜ್ಜೆ ಹಿಂದೆ. ನೀವು ತಗೊಳ್ಳಿ, ಇಲ್ಲ ನೀವೇ ತಗೊಳ್ಳಿ. ಭುಜಕ್ಕೆ ಭುಜ ತಗುಲಿದ್ದಕ್ಕೆ ಇಬ್ಬರೂ ಸಾರಿ ಕೇಳಿದರು, ಬಾಲ್ ತಾನಾಗಿ ಉರುಳಿ ಹೊರಗೆ ಹೋಯಿತು. ಪೋಸ್ಟ್‌ಮ್ಯಾನ್ ಸೀಟಿ ಊದಲು ಕಾರಣವೇ ಸಿಗದೆ ಸುಮ್ಮನೆ ಓಡುತ್ತಿದ್ದ. ಜನ ಆಕಳಿಸಲು ಶುರು. ಡಾಕ್ಟರಮ್ಮ ನನ್ನ ಕಿವಿಯಲ್ಲಿ, "ಎಷ್ಟು ಚೆನ್ನಾಗಿ ನಡೀತಿದೆ ಅಲ್ವಾ ಸಿಸ್ಟರ್?"

ಆಗ ಬಾಲ್ ಇವರಿಗೆ ಸಿಕ್ಕಿತು. ಎದುರಿಗೆ ಯಾರೂ ಇಲ್ಲ, ಅಣ್ಣ ಒಬ್ಬನೇ. ಹೊಟ್ಟೆ ಬಂದಿದ್ದರೂ ಇವರ ಕಾಲು ಮರೆತಿಲ್ಲ, ಅಷ್ಟು ಚಂದ ಎತ್ತಿಕೊಂಡು ಹೋದರು. ಅಣ್ಣ ಕೈ ಅಗಲಿಸಿ ಬಗ್ಗಿ ನಿಂತ. ಇವರು ಅವನ ಮಂಡಿ ನೋಡಿದರು. ನಾನು ಕಂಡೆ. ನೋಡಿ, ಬೇಕೆಂದೇ ಬಾಲನ್ನು ಪೋಸ್ಟಿನಾಚೆ, ದೂರ, ಬಹುದೂರ ಒದ್ದರು.

ಅಣ್ಣ ನೆಟ್ಟಗಾದ. ಕೈಗವಸು ತೆಗೆದು ನೆಲಕ್ಕೆ ಎಸೆದ.

"ಲೋ! ಬೇಕು ಅಂತ ಹೊರಗೆ ಒದ್ಯಾ?"

"ಮಂಡಿ ನೋವು ಅಂದ್ಲು ನಿನ್ನ ತಂಗಿ..."

ಅಯ್ಯೋ. ಅಣ್ಣ ನನ್ನ ಕಡೆ ನೋಡಿದ ನೋಟಕ್ಕೆ ಭೂಮಿಗೆ ಇಳಿದುಹೋದೆ.

"ನನ್ನ ಮೇಲೆ ಕನಿಕರ ತೋರಿಸ್ತೀಯಾ? ಅವತ್ತು ಹೇಳ್ದೆ ಕೇಳ್ದೆ ಬಸ್ ಓಡಿಸ್ಕೊಂಡು ಹೋದೆ. ಇವತ್ತು ಹೇಳ್ದೆ ಕೇಳ್ದೆ ಬಾಲ್ ಹೊರಗೆ ಒದೀತೀಯಾ?"

"ಹೇಗೆ ಹೇಳ್ಲಿ? ನೀನು ಅಷ್ಟು ಖುಷಿಯಾಗಿ ಶೇವ್ ಮಾಡ್ತಿದ್ದೆ. ನಾಲಿಗೆ ಏಳ್ಲಿಲ್ಲ! ಮತ್ತೆ ನೀನು? ಗಾಜು ಬಿದ್ದು ರಕ್ತ ಸುರೀತಿದ್ರೆ ನೋಡ್ತಾ ನಿಂತಿದ್ದೆ!"

"ಕಾಲು ಬರ್ಲಿಲ್ಲ ಕಣೋ!" ಅಣ್ಣ ಕೂಗಿದ. "ಸತ್ತೇ ಹೋದೆ ಅಂದ್ಕೊಂಡೆ ನಿನ್ನ! ತಂಗಿಗೆ ಏನು ಹೇಳೋದು ಅಂತ ನಿಂತಲ್ಲೇ ನಿಂತುಬಿಟ್ಟೆ!"

ಇಡೀ ಮೈದಾನ ಕೇಳಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ.

ಅಣ್ಣ ಕೈಗವಸು ಎತ್ತಿಕೊಂಡ. "ಈಗ ಒದಿ. ಸರಿಯಾಗಿ ಒದಿ."

ಇಂಥದಕ್ಕೆ ರೂಲ್ಸ್ ಇದೆಯೋ ಇಲ್ಲವೋ, ಪೋಸ್ಟ್‌ಮ್ಯಾನ್ ಅಂತೂ ಸೀಟಿ ಊದಿದ. ಇವರು ಒದ್ದರು. ಈ ಸಲ ಒದ್ದೇಬಿಟ್ಟರು. ಅಣ್ಣ ಹಾರಿದ. ಬಾಲ್ ಅವನ ಬೆರಳಿಗೆ ತಾಗಿ, ಕಂಬಕ್ಕೆ ಬಡಿದು, ಗೋಲ್ ಗೆರೆಯ ಮೇಲೆ ಬಿದ್ದು ಮೈದಾನದ ಕಡೆ ಚಿಮ್ಮಿತು. ಗೋಲ್ ಎಂದು ಕ್ವಾರ್ಟರ್ಸ್. ಅಲ್ಲ ಎಂದು ಹಳೇ ಬೀದಿ. ಎರಡೂ ಟೀಮು ಪೋಸ್ಟ್‌ಮ್ಯಾನನನ್ನು ಮುತ್ತಿಕೊಂಡವು. ಹಿರಿಯರೂ ಗೆರೆ ದಾಟಿ ಬಂದು ಕೂಗಾಡಿದರು. ಬಸ್ ಸ್ಟಾಪಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ಎಲ್ಲರ ಬಾಯಲ್ಲೂ ಗೆರೆ, ಗೆರೆ, ಗೆರೆ.

ಅಣ್ಣ ಏಳಲಿಲ್ಲ. ಬಲಮಂಡಿ ತಿರುಚಿತ್ತು. ನಾನು ತಲುಪುವ ಮೊದಲೇ ಇವರು ಅವನನ್ನು ಕೂಸುಮರಿ ಮಾಡಿಕೊಂಡಿದ್ದರು. ಭಾನುವಾರ ಕ್ಲಿನಿಕ್ ಇಲ್ಲ. ಹತ್ತಿರದ ಮನೆ ನಮ್ಮದೇ. ದಾರಿಯುದ್ದಕ್ಕೂ ಅಣ್ಣ ಬೆನ್ನ ಮೇಲಿಂದ, "ಗೋಲಲ್ಲ ಅದು." ಇವರು ಏದುಸಿರು ಬಿಡುತ್ತಾ, "ಗೋಲೇ." ಹೊಸ್ತಿಲು ದಾಟಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

ಮಾರ್ಚ್ 24, ಸೋಮವಾರ

ಅಣ್ಣ ನಮ್ಮಲ್ಲೇ. ಕಾಲೂರಬಾರದು ಎಂದರು ಡಾಕ್ಟರಮ್ಮ. ಅತ್ತಿಗೆ ಬಟ್ಟೆ ತಂದುಕೊಟ್ಟು, ಮಂಡಿ ಮುಚ್ಚಿಟ್ಟಿದ್ದಕ್ಕೆ ಅವನಿಗೂ ನನಗೂ ಸೇರಿಸಿ ಬೈದು ಹೋದರು.

ನಾವು ಹೊರಟ ಮೇಲೆ ನಿಜವಾದ ಆಟ ನಡೆಯಿತಂತೆ. ತಳ್ಳಾಟ, ಬೈಗುಳ, ಸೀಟಿಯೋ ಸೀಟಿ. ಕ್ಲಿನಿಕ್ ತುಂಬಾ ಉಳುಕು, ತರಚು. ಕುಂಟಿಕೊಂಡು ಬಂದವರು ಜಾಗ ಕಂಡಲ್ಲಿ ಕುಸಿದರು. ಕರೆದರೆ ಯಾರೂ ಬರುತ್ತಿಲ್ಲ, ಗೆರೆಯ ವಾದ ಮುಗಿಯಬೇಕಲ್ಲ!

ಅಣ್ಣನ ಹತ್ತಿರ ತಪ್ಪಾಯಿತು ಎಂದೆ, ಮಂಡಿಯ ವಿಷಯ ಹೇಳಿದ್ದಕ್ಕೆ. "ಇನ್ನು ಮುಂದೆ ನನಗೆ ಜ್ವರ ಬಂದ್ರೆ ಪೇಪರಿಗೆ ಹಾಕ್ಸು" ಎಂದ. ಆಮೇಲೆ ಇನ್ನೊಂದು ಟೀ ಕೇಳಿದ.

ಮಾರ್ಚ್ 27, ಗುರುವಾರ, ಬೆಳಿಗ್ಗೆ

"ನಾಳೆ ಹೋಗ್ತೀನಿ." ಅಣ್ಣನದು ದಿನಾ ಇದೇ. ದಿನಾ ಸಂಜೆ ಇವರು ಡ್ಯೂಟಿಯಿಂದ ಬಂದ ತಕ್ಷಣ ಗೋಲಿನ ಜಗಳ ಮುಂದುವರಿಯುತ್ತದೆ. ನಿನ್ನೆ ಅಣ್ಣ ಕುರ್ಚಿಯಲ್ಲಿ ಕೂತೇ ಇವರ ತಲೆ ನೆಟ್ಟಗೆ ಮಾಡಿದ. ಕೂದಲು ಗುಡಿಸಿದ್ದು ನಾನು. ಗೊಣಗಲಿಲ್ಲ.

ಇವತ್ತು ಮಂಡಿ ನೋಡಿದೆ. ಊತ ಪೂರಾ ಇಳಿದಿದೆ. ಒತ್ತಿದರೆ ನೋವಿಲ್ಲ. ಮನೆಗೆ ಹೋಗಬಹುದು ಎಂದು ನರ್ಸು ಹೇಳಬೇಕು. ತಂಗಿಗೆ ಬಾಯಿ ಬರುತ್ತಿಲ್ಲ.

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಣ್ಣ ನೀರಿಗೆಂದು ಎದ್ದ. ಗೋಡೆ ಹಿಡಿದು, ಮುಖ ಹಿಂಡಿ, ಕುಂಟುತ್ತಾ ಬಂದ. ಕುಂಟಿದ್ದು ಎಡಗಾಲು. ಪೆಟ್ಟಾದದ್ದು ಬಲಗಾಲಿಗೆ.

ಡ್ಯೂಟಿಗೆ ಹೊರಟಿದ್ದ ಇವರೂ ನೋಡಿದರು. ಬಾಗಿಲಲ್ಲೇ ನಿಂತರು. ನನ್ನ ಕಡೆ ತಿರುಗಿದರು. ನಾನು ತುಟಿ ಕಚ್ಚಿಕೊಂಡೆ. ಇವರು ಶೂ ಬಿಚ್ಚಿ ಒಳಗೆ ಬಂದು, ಅಣ್ಣನನ್ನು ಕೂರಿಸಿ, ಕ್ರೇಪ್ ಬ್ಯಾಂಡೇಜು ತೆಗೆದುಕೊಂಡು ನೆಲದ ಮೇಲೆ ಕೂತರು. "ಇನ್ನೂ ಒಂದು ವಾರ ರೆಸ್ಟ್ ಬೇಕು ಭಾವ ಇದಕ್ಕೆ" ಎನ್ನುತ್ತಾ ಎಡಗಾಲಿಗೆ ಸುತ್ತಲು ಶುರುಮಾಡಿದರು.